ಹೊಳೆ ನಡುವಿನ ತಿಟ್ಟುಗಳನ್ನು ಉಳಿಸಲು ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ಕಾವೇರಿ ದಡದ ಹಳ್ಳಿ ನಮ್ಮದು. ಊರ ಹತ್ತಿರ ಹೊಳೆ ನಡುವೆ ಮೂರು ನಾಲ್ಕು ತಿಟ್ಟುಗಳಿವೆ. ಬೇಸಿಗೆಯಲ್ಲಿ ನೀರು ಇಳಿದಾಗ ಅಲ್ಲಿನ ಮರಳ ಮೇಲೆ ಹಕ್ಕಿಗಳು ಮೊಟ್ಟೆ ಇಡುತ್ತವೆ. ನೀರುನಾಯಿಗಳೂ ಇವೆ. ಒಮ್ಮೊಮ್ಮೆ ಮೊಸಳೆ ಕಾಣುತ್ತದೆ. ಇದನ್ನು ಉಳಿಸಬೇಕು ಅಂತ ನಮ್ಮ ಯುವಕ ಸಂಘ ಹೊರಟಿದೆ. ತಿಟ್ಟಿನ ಮೇಲೆ ಗಿಡ ನೆಡೋಣ, ಹಕ್ಕಿಗಳಿಗೆ ಕಾಳು ಹಾಕೋಣ, ರಂಗನತಿಟ್ಟಿನ ಹಾಗೆ ಪಕ್ಷಿಧಾಮ ಮಾಡಿ ಅಂತ ಅರ್ಜಿ ಕೊಡೋಣ ಅಂತಿದ್ದೇವೆ. ಮೀನು ಹಿಡಿಯುವವರು ಈಗಾಗಲೇ ಮುನಿಸಿಕೊಂಡಿದ್ದಾರೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಮೊದಲು ತಿಟ್ಟಿನ ಮೇಲೆ ಗಿಡ ನೆಡುವ ಯೋಚನೆ ಬಿಡಿ. ಸಸಿ ತಂದಾಗಿದ್ದರೆ ದಡದ ಮೇಲೆ ನೆಡಿ, ಅದರ ಬಗ್ಗೆ ಆಮೇಲೆ ಹೇಳುತ್ತೇನೆ. ಕಾಳು ಹಾಕುವುದೂ ಬೇಡ. ನಿಮ್ಮ ತಿಟ್ಟಿನಲ್ಲಿ ಮೊಟ್ಟೆ ಇಡುವ ಹಕ್ಕಿಗಳು ಮೀನು, ಏಡಿ, ಹುಳುಹುಪ್ಪಟೆ ತಿನ್ನುವಂಥವು. ಕಾಳು ಹಾಕಿದರೆ ಬರುವುದು ಕಾಗೆ, ಇಲಿ. ಮೊಟ್ಟೆಗೆ ಬಾಯಿ ಹಾಕುವುದೂ ಅವೇ.

ನೀವು ಬರೆದದ್ದು ನೋಡಿದರೆ, ಮರಳ ಮೇಲೆ ಮೊಟ್ಟೆ ಇಡುತ್ತಿರುವುದು ನದಿ ರೀವ ಇರಬೇಕು, ರಿವರ್ ಟರ್ನ್ ಅಂತಾರಲ್ಲ, ಅದು. ಬೂದು ಮೈ, ಕಪ್ಪು ನೆತ್ತಿ, ಹಳದಿ ಕೊಕ್ಕು, ಕವಲು ಬಾಲ. ಜೊತೆಗೆ ಟಿಟ್ಟಿಭಗಳೂ ಇರಬಹುದು. ರೀವ ಗೂಡು ಕಟ್ಟುವುದಿಲ್ಲ. ಮರಳಿನಲ್ಲಿ ಎದೆ ಊರಿ ಒಂದು ಸಣ್ಣ ಗುಳಿ ಮಾಡುತ್ತದೆ, ಅದರಲ್ಲಿ ಎರಡು ಮೂರು ಮೊಟ್ಟೆ ಇಡುತ್ತದೆ. ಮೊಟ್ಟೆಯ ಬಣ್ಣ ಸುತ್ತಲಿನ ಮರಳು, ಹರಳುಗಲ್ಲಿನ ಹಾಗೇ ಇರುತ್ತದೆ. ಅದರ ಮೇಲೆ ಕಂದು ಮಚ್ಚೆ. ಎರಡಡಿ ದೂರದಲ್ಲಿ ನಿಂತರೂ ಕಾಣುವುದಿಲ್ಲ. ಕಾಲಿಟ್ಟ ಮೇಲಷ್ಟೇ ಗೊತ್ತಾಗುತ್ತದೆ.

ಈ ಹಕ್ಕಿಗೆ ಬೇಕಾದ್ದು ಬೋಳು ಮರಳು, ಸುತ್ತ ನೀರು, ದೂರದವರೆಗೆ ಏನೂ ಅಡ್ಡ ಇಲ್ಲದ ನೋಟ. ನಾಯಿ ಬಂದರೆ, ಹದ್ದು ಬಂದರೆ ದೂರದಿಂದಲೇ ಕಾಣಬೇಕು. ಅಲ್ಲಿ ನೀವು ಗಿಡ ನೆಟ್ಟು, ಅದು ಬೆಳೆದರೆ, ರೀವಗಳು ಆ ತಿಟ್ಟನ್ನು ಬಿಟ್ಟುಬಿಡುತ್ತವೆ. ಖಾಲಿ ಮರಳು ಕಂಡರೆ ಏನಾದರೂ ನೆಡಬೇಕು ಅನಿಸುವುದು ಸಹಜ. ಆದರೆ ಅದು ಪಾಳು ಜಾಗ ಅಲ್ಲ. ಪ್ರತಿ ಮಳೆಗಾಲದಲ್ಲಿ ಹೊಳೆಯೇ ಅದನ್ನು ತೊಳೆದು, ಕಳೆ ಕಿತ್ತು, ಹೊಸ ಮರಳು ಹಾಸಿ ಸಿದ್ಧ ಮಾಡಿದ ಜಾಗ.

ನದಿ ರೀವ ಅಂದರೆ ಎಲ್ಲೆಂದರಲ್ಲಿ ಸಿಗುವ ಹಕ್ಕಿ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಈಗ ಐಯುಸಿಎನ್ ಅನ್ನುವ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಅದನ್ನು ಅಪಾಯಕ್ಕೆ ಸಿಲುಕಬಹುದಾದ ಜೀವಿಗಳ ಪಟ್ಟಿಗೆ ಸೇರಿಸಿದೆ. ನಮ್ಮ ರಾಜ್ಯದಲ್ಲಿ ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ಇವು ದೊಡ್ಡ ಗುಂಪಾಗಿ ಮರಿ ಮಾಡುತ್ತವೆ. ಹೊಳೆಗಳ ಮೇಲೆ ಅಷ್ಟು ದೊಡ್ಡ ಗುಂಪು ಸಿಗುವುದು ಕಷ್ಟ. ಹಾಗಾಗಿ ನಿಮ್ಮೂರ ತಿಟ್ಟಿನಂಥ ಸಣ್ಣ ಜಾಗಗಳು ಜಾಸ್ತಿ ಲೆಕ್ಕಕ್ಕೆ ಬರುತ್ತವೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಹೊಳೆ ತಿಟ್ಟನ್ನು ಉಳಿಸುವುದು ಅಂದರೆ, ಯಾವ ಜೀವಿಗೆ ಯಾವ ತಿಂಗಳು ಆ ಜಾಗ ಬೇಕು ಅಂತ ತಿಳಿದುಕೊಂಡು, ಆ ತಿಂಗಳು ಅದಕ್ಕೆ ಬರುವ ತೊಂದರೆ ತಡೆಯುವುದು. ವರ್ಷವಿಡೀ ಎಲ್ಲವನ್ನೂ ಕಾಯಲು ಯಾರಿಂದಲೂ ಆಗುವುದಿಲ್ಲ, ಅಗತ್ಯವೂ ಇಲ್ಲ. ರೀವಗಳು ಸುಮಾರಾಗಿ ಫೆಬ್ರವರಿಯಿಂದ ಮೇ ತನಕ ಮರಳ ಮೇಲಿರುತ್ತವೆ. ಮೊಸಳೆಯೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ ದಡದ ಮರಳಿನಲ್ಲಿ ಗುಂಡಿ ತೋಡಿ ಮೊಟ್ಟೆ ಇಡುತ್ತದೆ, ಒಮ್ಮೆಗೆ ಇಪ್ಪತ್ತೈದು ಮೂವತ್ತು. ಮರಿ ಹೊರಬರಲು ಸುಮಾರು ಎರಡು ತಿಂಗಳು ಬೇಕು. ನೀರುನಾಯಿಗಳು ಸಾಮಾನ್ಯವಾಗಿ ಚಳಿಗಾಲದಲ್ಲಿ ಮರಿ ಹಾಕುತ್ತವೆ. ಬಣ್ಣದ ಕೊಕ್ಕರೆ, ಚಮಚ ಕೊಕ್ಕರೆಯಂಥ ಮರದ ಮೇಲಿನ ಹಕ್ಕಿಗಳು ನಿಮ್ಮಲ್ಲಿ ಇದ್ದರೆ ಅವುಗಳ ಗೂಡಿನ ಕಾಲ ಡಿಸೆಂಬರ್ ಜನವರಿಯಲ್ಲಿ ಶುರುವಾಗುತ್ತದೆ. ಅಂದರೆ ತಿಟ್ಟಿಗೆ ನೀವು ಕಣ್ಣಿಟ್ಟು ಕಾಯಬೇಕಾದ್ದು ಮುಖ್ಯವಾಗಿ ಬೇಸಿಗೆಯ ಮೂರ್ನಾಲ್ಕು ತಿಂಗಳು.

ಆ ಮೂರ್ನಾಲ್ಕು ತಿಂಗಳಲ್ಲಿ ಅತಿ ದೊಡ್ಡ ತೊಂದರೆ ಬರುವುದು ನೀರಿನಿಂದಲೇ. ನೀವು ಅಣೆಕಟ್ಟೆಯ ಕೆಳಗಿದ್ದೀರೋ ಮೇಲಿದ್ದೀರೋ ಬರೆದಿಲ್ಲ. ಕೆಳಗಿದ್ದರೆ ಈ ಮಾತು ನಿಮಗೆ ಅನುಭವಕ್ಕೆ ಬಂದಿರುತ್ತದೆ. ಬೇಸಿಗೆ ಬೆಳೆಗೋ ಕುಡಿಯುವ ನೀರಿಗೋ ಒಮ್ಮೆಲೇ ನೀರು ಬಿಡುತ್ತಾರೆ. ಬೆಳಿಗ್ಗೆ ಮೊಣಕಾಲುದ್ದ ಇದ್ದ ನೀರು ಸಂಜೆಗೆ ಸೊಂಟಕ್ಕೆ ಬರುತ್ತದೆ. ತಗ್ಗಿನ ಮರಳಿನಲ್ಲಿದ್ದ ಮೊಟ್ಟೆಯೆಲ್ಲ ತೇಲಿ ಹೋಗುತ್ತದೆ. ಓಡಾಡುವಷ್ಟು ಬೆಳೆದ ಮರಿ ಎತ್ತರದ ಕಡೆ ಸರಿದು ಬದುಕಬಹುದು. ಮೊಟ್ಟೆ ಏನು ಮಾಡೀತು? ರೀವಗಳು ಎರಡನೇ ಸಲ ಮೊಟ್ಟೆ ಇಡುತ್ತವೆ, ಆದರೆ ಕಾವು ಕೂರಲು ಸುಮಾರು ಮೂರು ವಾರ, ಮರಿ ಹಾರಲು ಮತ್ತೆ ಹತ್ತಿರ ಹತ್ತಿರ ಒಂದು ತಿಂಗಳು ಬೇಕು. ಏಪ್ರಿಲ್ ಕೊನೆಗೆ ಮೊದಲ ಮೊಟ್ಟೆ ಹೋಯಿತು ಅಂದರೆ, ಎರಡನೆಯದು ಮುಗಿಯುವ ಮೊದಲೇ ಮುಂಗಾರಿನ ನೀರು ಬಂದಿರುತ್ತದೆ. ಆ ವರ್ಷ ಅಲ್ಲಿಗೆ ಮುಗಿಯಿತು.

ಇದಕ್ಕೆ ನೀರು ಬಿಡಬೇಡಿ ಅಂತ ಕೇಳುವುದು ತಪ್ಪು. ಕಾವೇರಿ ನೀರಿನ ಒಂದೊಂದು ಹನಿಗೂ ಲೆಕ್ಕ ಇದೆ. ಕೆಳಗಿನ ರೈತರಿಗೆ ನೀರು ಬೇಕು, ಊರುಗಳಿಗೆ ಕುಡಿಯಲು ಬೇಕು. ಹಕ್ಕಿಗಾಗಿ ನೀರು ತಡೆಯಿರಿ ಅಂದರೆ ಯಾರೂ ಕಿವಿಗೊಡುವುದಿಲ್ಲ, ನಿಮ್ಮೂರಿನವರೇ ನಿಮ್ಮ ಮೇಲೆ ತಿರುಗಿ ಬೀಳುತ್ತಾರೆ. ಕೇಳಬೇಕಾದ್ದು ಬೇರೆ. ಬಿಡುವ ನೀರು ಅಷ್ಟೇ ಇರಲಿ, ಬಿಡುವ ರೀತಿ ಬದಲಾಗಲಿ. ಗೇಟನ್ನು ಒಂದೇ ಏಟಿಗೆ ಎತ್ತುವ ಬದಲು ಹಂತ ಹಂತವಾಗಿ ಏರಿಸಬಹುದು. ಮಾರ್ಚ್ ಮೊದಲ ವಾರವೇ ಬೇಸಿಗೆಯ ಹರಿವನ್ನು ಒಂದು ಮಟ್ಟಕ್ಕೆ ತಂದು, ಆಮೇಲೆ ಅದೇ ಮಟ್ಟ ಕಾಯ್ದುಕೊಂಡರೆ ಹಕ್ಕಿಗಳು ಆ ಮಟ್ಟಕ್ಕಿಂತ ಮೇಲೇ ಗುಳಿ ಮಾಡಿಕೊಳ್ಳುತ್ತವೆ. ಅವಕ್ಕೆ ತೊಂದರೆ ಆಗುವುದು ಏರಿಳಿತದಿಂದ.

ಆದರೆ ಸುಮ್ನೆ ಹೋಗಿ ಕೇಳಿದರೆ ಎಂಜಿನಿಯರುಗಳು ಒಪ್ಪುವುದಿಲ್ಲ. ಅವರಿಗೆ ಲೆಕ್ಕ ಬೇಕು. ಆ ಲೆಕ್ಕ ತಯಾರು ಮಾಡುವುದೇ ನಿಮ್ಮ ಸಂಘ ಈ ವರ್ಷ ಮಾಡಬಹುದಾದ ಅತಿ ಒಳ್ಳೆಯ ಕೆಲಸ. ದಡದಲ್ಲಿರುವ ಒಂದು ಬಂಡೆ ಅಥವಾ ಸೇತುವೆ ಕಂಬದ ಮೇಲೆ ಅಳತೆ ಗೆರೆ ಹಾಕಿಕೊಳ್ಳಿ. ಫೆಬ್ರವರಿಯಿಂದ ಮೇ ತನಕ ದಿನಾ ಬೆಳಿಗ್ಗೆ ಒಬ್ಬರು ಹೋಗಿ ನೀರು ಯಾವ ಗೆರೆಗಿದೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ವಾರಕ್ಕೊಮ್ಮೆ ಇಬ್ಬರು ಬೈನಾಕ್ಯುಲರ್ ಹಿಡಿದು, ದಡದಿಂದಲೇ ಎಷ್ಟು ಹಕ್ಕಿ ಕೂತಿವೆ, ಮರಿ ಕಾಣುತ್ತಿವೆಯಾ ನೋಡಿ ಬರೆಯಲಿ. ನೀರು ಏರಿದ ದಿನ, ಮರುದಿನ ಎಷ್ಟು ಹಕ್ಕಿ ಉಳಿದವು ಅನ್ನುವುದು ಆ ಪುಸ್ತಕದಲ್ಲಿರಬೇಕು. ಎರಡು ಬೇಸಿಗೆಯ ಪುಸ್ತಕ ಕೈಯಲ್ಲಿದ್ದರೆ ನೀರಾವರಿ ನಿಗಮದ ಅಧಿಕಾರಿಯ ಎದುರು ಕೂತು ಮಾತಾಡುವ ರೀತಿಯೇ ಬೇರೆಯಾಗುತ್ತದೆ.

ನೋಡುವಾಗ ಒಂದು ಎಚ್ಚರ. ತಿಟ್ಟಿಗೆ ಇಳಿಯಬೇಡಿ. ಹಕ್ಕಿಗಳು ಎದ್ದು ತಲೆ ಮೇಲೆ ಕಿರುಚುತ್ತಾ ಸುತ್ತಿದರೆ ನೀವು ಜಾಸ್ತಿ ಹತ್ತಿರ ಹೋಗಿದ್ದೀರಿ ಅಂತ ಅರ್ಥ, ತಕ್ಷಣ ಹಿಂದೆ ಸರಿಯಿರಿ. ಏಪ್ರಿಲ್ ಮಧ್ಯಾಹ್ನದ ಮರಳ ಮೇಲೆ ಬರಿಗಾಲಲ್ಲಿ ನಿಂತು ನೋಡಿ, ಎಷ್ಟು ಹೊತ್ತು ತಡೆಯುತ್ತೀರಿ? ಆ ಮರಳ ಮೇಲೆ ಮೊಟ್ಟೆ ಇದೆ. ಬಿಸಿಲಲ್ಲಿ ಹಕ್ಕಿ ಮೊಟ್ಟೆಯ ಮೇಲೆ ಕೂರುವುದು ಕಾವು ಕೊಡಲು ಮಾತ್ರ ಅಲ್ಲ, ನೆರಳು ಕೊಡಲು ಕೂಡ. ಟಿಟ್ಟಿಭದಂಥ ಹಕ್ಕಿಗಳು ನೀರಿಗೆ ಹೋಗಿ ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು ಮೊಟ್ಟೆಯನ್ನು ತಂಪು ಮಾಡುತ್ತವೆ. ನೀವು ಫೋಟೋ ತೆಗೆಯಲು ಕಾಲು ಗಂಟೆ ಅಲ್ಲೇ ನಿಂತರೆ, ಆ ಕಾಲು ಗಂಟೆಯಲ್ಲಿ ಒಳಗಿನ ಜೀವ ಬೆಂದು ಹೋಗಬಹುದು. ಹಾಗಾಗಿ ನೋಡುವುದು ಬೆಳಿಗ್ಗೆ ಅಥವಾ ಸಂಜೆ, ದಡದಿಂದ. ಗೂಡಿನ ಜಾಗದ ಫೋಟೋವನ್ನು ಊರಿನ ಹೆಸರು ಹಾಕಿ ವಾಟ್ಸಾಪ್, ಇನ್‌ಸ್ಟಾಗ್ರಾಂಗೆ ಬಿಡಬೇಡಿ. ಮುಂದಿನ ಭಾನುವಾರ ಕ್ಯಾಮೆರಾ ಹೊತ್ತವರ ಗುಂಪೇ ಬಂದಿರುತ್ತದೆ.

ಎರಡನೇ ದೊಡ್ಡ ತೊಂದರೆ ನಾಯಿ. ಇದಕ್ಕೂ ಮರಳು ದಂಧೆಗೂ ಸಂಬಂಧ ಇದೆ. ತಿಟ್ಟು ಸುರಕ್ಷಿತವಾಗಿರುವುದು ದಡಕ್ಕೂ ಅದಕ್ಕೂ ನಡುವೆ ಹರಿಯುವ ನೀರಿನಿಂದ, ಕೋಟೆಗೆ ಕಂದಕ ಇದ್ದ ಹಾಗೆ. ಮರಳು ತೆಗೆಯುವವರು ಲಾರಿ ಇಳಿಸಲು ಕಲ್ಲು ಮಣ್ಣು ಸುರಿದು ಹೊಳೆಯೊಳಗೆ ದಾರಿ ಮಾಡುತ್ತಾರೆ. ಲಾರಿ ಹೋದ ಮೇಲೂ ಆ ದಾರಿ ಉಳಿಯುತ್ತದೆ. ಅದರ ಮೇಲೆ ನಾಯಿ ಹೋಗುತ್ತವೆ, ದನ ಹೋಗುತ್ತವೆ, ಎಣ್ಣೆ ಪಾರ್ಟಿ ಮಾಡುವವರು ಹೋಗುತ್ತಾರೆ. ನಾಲ್ಕು ನಾಯಿ ಒಂದು ರಾತ್ರಿ ತಿಟ್ಟಿಗೆ ಹತ್ತಿದರೆ ಬೆಳಿಗ್ಗೆಗೆ ಒಂದು ಮೊಟ್ಟೆಯೂ ಇರುವುದಿಲ್ಲ. ಇದರ ಜೊತೆಗೆ ಮರಳನ್ನೇ ಬಗೆದುಬಿಟ್ಟರೆ ಮೊಸಳೆಗೂ ಮೊಟ್ಟೆ ಇಡಲು ಜಾಗ ಇಲ್ಲ. ಮೊಸಳೆ ಮರಿ ಗಂಡಾಗುತ್ತದೋ ಹೆಣ್ಣಾಗುತ್ತದೋ ಅನ್ನುವುದು ಮೊಟ್ಟೆ ಇರುವ ಮರಳಿನ ಬಿಸಿಯ ಮೇಲೆ ನಿಂತಿದೆ. ಸುಮಾರು 32 ಡಿಗ್ರಿಯ ಆಸುಪಾಸಿನಲ್ಲಿ ಗಂಡು ಜಾಸ್ತಿ, ಅದಕ್ಕಿಂತ ಕಡಿಮೆಯಾದರೆ ಹೆಣ್ಣು. ಅದಕ್ಕೆ ಬೇಕಾದ ಆಳ, ಬೇಕಾದ ಬಿಸಿಲು ಇರುವ ದಡ ಎಲ್ಲ ಕಡೆ ಸಿಗುವುದಿಲ್ಲ.

ಹಾಗಾಗಿ ಮರಳ ವಿಷಯದಲ್ಲಿ ಮೃದುವಾಗಬೇಡಿ. ಸಣ್ಣ ಪ್ರಮಾಣದ ಮರಳುಗಾರಿಕೆಗೂ ಪರಿಸರ ಅನುಮತಿ ಬೇಕು ಅಂತ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಆದರೆ ರಾತ್ರಿ ಹೊತ್ತು ಲಾರಿಗೆ ಅಡ್ಡ ನಿಲ್ಲುವ ಸಾಹಸ ಖಂಡಿತ ಮಾಡಬೇಡಿ, ಅದು ಜೀವಕ್ಕೆ ಅಪಾಯ. ಜಾಗ, ದಿನಾಂಕ, ಹಗಲಿನಲ್ಲಿ ತೆಗೆದ ದಾರಿಯ ಫೋಟೋ ಇಟ್ಟುಕೊಂಡು ತಹಶೀಲ್ದಾರರಿಗೆ, ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಪಂಚಾಯಿತಿ ಮೂಲಕ ಬರೆದು ಕೊಡಿ. ಲಾರಿ ನಿಲ್ಲಿಸಲು ತಡವಾದರೂ, ಹೊಳೆಯೊಳಗಿನ ಆ ದಾರಿ ಒಡೆಸುವುದನ್ನು ಫೆಬ್ರವರಿಯೊಳಗೆ ಮಾಡಿಸಿ. ಒಂದು ಜೆಸಿಬಿಯ ಅರ್ಧ ದಿನದ ಕೆಲಸ ಅದು. ತಿಟ್ಟಿಗೆ ಇಷ್ಟು ಉಪಕಾರ ಮಾಡುವ ಬೇರೆ ಕೆಲಸ ನನಗೆ ತೋಚುವುದಿಲ್ಲ.

ನಾಯಿಗಳು ಹೊಳೆ ದಡಕ್ಕೇ ಯಾಕೆ ಬರುತ್ತವೆ ಅಂತಲೂ ನೋಡಿ. ಬಹಳ ಊರುಗಳಲ್ಲಿ ಕೋಳಿ ಅಂಗಡಿಯ ಪುಕ್ಕ, ಕರುಳು ಮೂಟೆ ಕಟ್ಟಿ ಸೇತುವೆ ಹತ್ತಿರ ಎಸೆಯುತ್ತಾರೆ. ಅದು ನಿಂತರೆ ಅರ್ಧ ನಾಯಿ ತಾವಾಗಿಯೇ ಊರ ಕಡೆ ಹೋಗುತ್ತವೆ. ಅಂಗಡಿಯವರೊಂದಿಗೆ ಕೂತು ಮಾತಾಡಿ, ಪಂಚಾಯಿತಿಯಿಂದ ಗುಂಡಿ ತೆಗೆಸಿ ಕೊಡಿ.

ಈಗ ನೀರುನಾಯಿ. ಹೊಳೆಯಲ್ಲಿ ನೀರುನಾಯಿ ಇದೆ ಅಂದರೆ ಅಲ್ಲಿ ಇನ್ನೂ ಮೀನಿದೆ, ದಡದಲ್ಲಿ ಇನ್ನೂ ಮರೆ ಇದೆ ಅಂತ ಅರ್ಥ. ಕಾವೇರಿಯಲ್ಲಿರುವವು ನುಣುಪು ಮೈಯ ನೀರುನಾಯಿಗಳು, ಗುಂಪಾಗಿ ಬದುಕುವಂಥವು. ಇವು ಎಲ್ಲಿವೆ ಅಂತ ತಿಳಿಯಲು ಹಿಂಬಾಲಿಸಬೇಕಾಗಿಲ್ಲ. ಇಡೀ ಗುಂಪು ಒಂದೇ ಜಾಗದಲ್ಲಿ, ಸಾಮಾನ್ಯವಾಗಿ ನೀರಂಚಿನ ಬಂಡೆ ಅಥವಾ ಮರಳ ಮೇಲೆ, ಮತ್ತೆ ಮತ್ತೆ ಹಿಕ್ಕೆ ಹಾಕುತ್ತದೆ. ಒಂದು ಕಡ್ಡಿಯಿಂದ ಅದನ್ನು ಕೆದಕಿದರೆ ಮೀನಿನ ಹುರುಪೆ, ಮುಳ್ಳು, ಏಡಿ ಚಿಪ್ಪಿನ ಚೂರು ಮಿರಮಿರ ಹೊಳೆಯುತ್ತವೆ. ತೀಕ್ಷ್ಣವಾದ ಮೀನಿನ ವಾಸನೆ. ಅಂಥ ಬಂಡೆಗಳನ್ನು ಗುರುತು ಮಾಡಿಕೊಂಡು, ಅದರ ಆಚೀಚಿನ ದಡದ ಪೊದೆ, ಬೇರಿನ ಪೊಟರೆ, ಬಂಡೆ ಸಂದುಗಳನ್ನು ಹಾಗೇ ಬಿಡಿ. ಮರಿ ಇರುವುದು ಅಲ್ಲೇ. ದಡ ಚೆಂದ ಮಾಡುತ್ತೇವೆ ಅಂತ ಪೊದೆ ಸವರಿ, ಕಲ್ಲು ಕಟ್ಟಿ, ಲೈಟು ಹಾಕಿದ ಕಡೆ ಇವು ನಿಲ್ಲುವುದಿಲ್ಲ. ಹೊಳೆ ಸ್ವಚ್ಛ ಮಾಡುವುದು ಅಂದರೆ ಪ್ಲಾಸ್ಟಿಕ್, ಹಳೇ ಬಟ್ಟೆ, ಹರಿದ ನೈಲಾನ್ ಬಲೆ ಎತ್ತುವುದು. ಒಣಗಿದ ಮರ, ಬಿದ್ದ ಕೊಂಬೆ, ಜೊಂಡು ಕಸ ಅಲ್ಲ.

ಮೀನು ಹಿಡಿಯುವವರ ಮುನಿಸಿಗೂ ಇಲ್ಲೇ ಉತ್ತರ ಇದೆ. ಅವರನ್ನು ಹೊರಗಿಟ್ಟು ನೀವು ಏನೂ ಉಳಿಸಲಾರಿರಿ. ರಾತ್ರಿ ಹೊಳೆಯಲ್ಲಿ ಯಾರು ಸಿಡಿಮದ್ದು ಹಾಕಿದರು, ಯಾರು ಬ್ಲೀಚಿಂಗ್ ಪೌಡರ್ ಸುರಿದರು, ಯಾರು ಕರೆಂಟು ಬಿಟ್ಟರು ಅಂತ ಮೊದಲು ಗೊತ್ತಾಗುವುದು ಅವರಿಗೆ, ಹೆಚ್ಚು ನಷ್ಟವೂ ಅವರಿಗೇ. ನೀರುನಾಯಿ ಬಲೆ ಹರಿಯುತ್ತದೆ ಅನ್ನುವ ಅವರ ದೂರು ನಿಜ, ಅದನ್ನು ಅಲ್ಲಗಳೆಯಬೇಡಿ. ಅವರನ್ನು ಕೂರಿಸಿಕೊಂಡು ಮೊದಲು ಕೇಳಿ: ಮಡು ಎಲ್ಲಿವೆ, ಬೇಸಿಗೆಯಲ್ಲಿ ದೊಡ್ಡ ಮೀನು ಎಲ್ಲಿ ಉಳಿಯುತ್ತವೆ, ಮೊದಲು ಸಿಗುತ್ತಿದ್ದ ಯಾವ ಮೀನು ಈಗ ಸಿಗುವುದಿಲ್ಲ? ಜಿಲೇಬಿ (ತಿಲಾಪಿಯಾ), ಆಫ್ರಿಕನ್ ಕ್ಯಾಟ್‌ಫಿಶ್‌ನಂಥ ಹೊರಗಿನ ಮೀನು ಬಂದ ಮೇಲೆ ಏನಾಯಿತು ಅಂತ ಅವರೇ ಹೇಳುತ್ತಾರೆ. ಹೊಳೆ ಬತ್ತಿದಾಗ ಮೀನು ಬದುಕುವುದು ಮಡುವಿನಲ್ಲಿ. ಮುಂದಿನ ಮಳೆಗೆ ಇಡೀ ಹೊಳೆ ತುಂಬುವುದು ಅಲ್ಲಿ ಉಳಿದ ಮೀನಿನಿಂದ. ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಶೃಂಗೇರಿ, ಶಿಶಿಲ, ರಾಮನಾಥಪುರದಲ್ಲಿ ದೇವರ ಮೀನು ಅಂತ ಇವತ್ತಿಗೂ ಬಲೆ ಹಾಕುವುದಿಲ್ಲ.

ಅವರೊಂದಿಗೆ ಒಂದೆರಡು ವಿಷಯದಲ್ಲಿ ಒಪ್ಪಂದ ಆದರೆ ಸಾಕು. ಒಂದು ಮಡುವನ್ನು ಬೇಸಿಗೆಯಲ್ಲಿ ಬಿಡುವುದು. ಮಾರ್ಚ್‌ನಿಂದ ಮೇ ತನಕ ರೀವಗಳ ತಿಟ್ಟಿಗೆ ಹರಿಗೋಲು ಹಚ್ಚದಿರುವುದು, ಅಲ್ಲಿ ಬಲೆ ಒಣಹಾಕದಿರುವುದು. ಇದಕ್ಕೆ ಬದಲಾಗಿ ಮದ್ದು ಹಾಕುವವರ ವಿರುದ್ಧ ಇಡೀ ಊರು ಅವರ ಜೊತೆ ನಿಲ್ಲಬೇಕು. ಈ ಮಾತನ್ನು ನೀವು ಬರೀ ಬಾಯಲ್ಲಿ ಹೇಳಿದರೆ ಆಗದು, ಒಂದು ಸಲ ಜೊತೆಗೆ ಹೋಗಿ ದೂರು ಕೊಟ್ಟು ತೋರಿಸಬೇಕು.

ದಡದಲ್ಲಿ ಗಿಡ ನೆಡುವ ಮಾತು ಬಾಕಿ ಇತ್ತು. ಕಾವೇರಿ ದಡದ ಮರ ಅಂದರೆ ಹೊಳೆಮತ್ತಿ. ಅದರ ಜೊತೆಗೆ ಹೊಂಗೆ, ಅತ್ತಿ, ನೇರಳೆ. ನೀಲಗಿರಿ, ಅಕೇಶಿಯಾ ಬೇಡ. ಬಳ್ಳಾರಿ ಜಾಲಿ ಹಬ್ಬಿದ್ದರೆ ತೆಗೆಯಬೇಕು, ಆದರೆ ಒಂದೇ ವರ್ಷ ಪೂರ್ತಿ ಕಿತ್ತು ದಡ ಬೋಳು ಮಾಡಬೇಡಿ. ಒಳಗೆ ನೀರುನಾಯಿ ಬಿಲ ಇದೆಯಾ ನೋಡಿಕೊಂಡು, ಸ್ವಲ್ಪ ಸ್ವಲ್ಪವೇ ತೆಗೆದು ಆ ಜಾಗಕ್ಕೆ ನಮ್ಮ ಗಿಡ ಕೂರಿಸಿ.

ಕೊನೆಗೆ ಪಕ್ಷಿಧಾಮದ ಅರ್ಜಿ. ರಂಗನತಿಟ್ಟು ಎಲ್ಲರಿಗೂ ಮಾದರಿ, ನಿಜ. ಕಾವೇರಿಗೆ ಅರಸರ ಕಾಲದಲ್ಲಿ ಕಟ್ಟಿದ ಒಡ್ಡಿನಿಂದ ಆದ ತಿಟ್ಟುಗಳವು. ಪಕ್ಷಿತಜ್ಞ ಸಲೀಂ ಅಲಿ ಅವರ ಒತ್ತಾಯದ ಮೇಲೆ 1940ರಲ್ಲಿ ಮೈಸೂರು ಅರಸರು ಅದನ್ನು ಪಕ್ಷಿಧಾಮ ಮಾಡಿದರು. 2022ರಲ್ಲಿ ಅದು ಕರ್ನಾಟಕದ ಮೊದಲ ರಾಮ್ಸಾರ್ ತಾಣವಾಯಿತು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಅಷ್ಟು ಹೆಸರಿದ್ದರೂ, ಕೆಆರ್‌ಎಸ್‌ನಿಂದ ಜಾಸ್ತಿ ನೀರು ಬಿಟ್ಟಾಗ ಅಲ್ಲೂ ತಗ್ಗಿನ ಗೂಡು ಮುಳುಗುತ್ತವೆ, ತಿಟ್ಟಿನ ಅಂಚು ಕೊಚ್ಚಿಹೋಗುತ್ತದೆ. ಮರಳು ಮೂಟೆ ಜೋಡಿಸಿ ಅಂಚು ಉಳಿಸಿಕೊಳ್ಳಬೇಕಾಗಿದೆ. ಬೋರ್ಡು ನೆಟ್ಟ ಮಾತ್ರಕ್ಕೆ ಹೊಳೆ ಬದಲಾಗುವುದಿಲ್ಲ, ಅಲ್ವಾ?

ನಿಮಗೆ ಹೆಚ್ಚು ಒಪ್ಪುವುದು ಬೇರೊಂದು ದಾರಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ಕ್ಕೆ 2002ರಲ್ಲಿ ತಿದ್ದುಪಡಿ ಆಗಿ ಸಂರಕ್ಷಣಾ ಮೀಸಲು, ಸಮುದಾಯ ಮೀಸಲು ಅಂತ ಎರಡು ಹೊಸ ಬಗೆ ಬಂದವು. ಸಮುದಾಯ ಮೀಸಲು ಖಾಸಗಿ ಅಥವಾ ಊರವರ ಜಮೀನಿಗೆ. ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು (ಪೆಲಿಕನ್) ಮನೆ ಹಿತ್ತಲಿನ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವಲ್ಲ, ಅಂಥ ಕಡೆಗೆ ಅದು ಸರಿ. ಹೊಳೆಯ ಪಾತ್ರ ಸರ್ಕಾರದ್ದು. ಹಾಗಾಗಿ ನಿಮಗೆ ಸಂರಕ್ಷಣಾ ಮೀಸಲು. ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗಾಗಿ ಹೀಗೇ ಘೋಷಿಸಿದರು. ಇದರಲ್ಲಿ ಊರಿನವರನ್ನು ಕೇಳಿಯೇ ಘೋಷಣೆ ಮಾಡಬೇಕು, ನೋಡಿಕೊಳ್ಳುವ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿ ಇರಬೇಕು. ಸಿಡಿಮದ್ದು, ವಿಷಕ್ಕೆ ನಿಷೇಧ ಇರುತ್ತದೆ. ಮೀನುಗಾರರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಿ. ಅಭಯಾರಣ್ಯ ಅಂದ ಕೂಡಲೇ ಹೊಳೆಗೆ ಇಳಿಯಲು ಬಿಡುವುದಿಲ್ಲ ಅನ್ನುವ ಭಯ ಅವರದು. ಅವರ ಮುನಿಸಿಗೆ ಬಹುಶಃ ಅದೇ ಕಾರಣ.

ಅರ್ಜಿಗೆ ಮೊದಲು ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ಹಿಡಿಯಿರಿ. ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಎಲ್ಲ ಪಂಚಾಯಿತಿಯಲ್ಲೂ ಅದು ಇರಬೇಕು. ಬಹಳ ಕಡೆ ಕಾಗದದ ಮೇಲಷ್ಟೇ ಇರುತ್ತದೆ. ಅದರ ಸಭೆ ಕರೆಸಿ, ತಿಟ್ಟು, ಮಡು, ನೀರುನಾಯಿ ಬಂಡೆ ಎಲ್ಲವನ್ನೂ ಜನತಾ ಜೀವವೈವಿಧ್ಯ ದಾಖಲಾತಿಗೆ, ಅಂದರೆ ಊರಿನ ಜೀವಸಂಪತ್ತನ್ನು ಬರೆದಿಡುವ ಪುಸ್ತಕಕ್ಕೆ, ಸೇರಿಸಿ. ಗಾಯಗೊಂಡ ಪ್ರಾಣಿ ಕಂಡರೆ, ಬೇಟೆಯ ಸುಳಿವು ಸಿಕ್ಕರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಮೊಸಳೆ ಇರುವ ಕಡೆ ಬಟ್ಟೆ ಒಗೆಯುವ, ದನ ತೊಳೆಯುವ ಜಾಗ ಬೇರೆ ಮಾಡುವುದನ್ನೂ ಅದೇ ಸಭೆಯಲ್ಲಿ ತೀರ್ಮಾನ ಮಾಡಿ. ಒಬ್ಬರಿಗೆ ಏನಾದರೂ ಆದರೆ ಆಮೇಲೆ ಊರು ಮೊಸಳೆಯ ಪರ ನಿಲ್ಲುವುದಿಲ್ಲ.

ಈ ವರ್ಷಕ್ಕೆ ಇಷ್ಟು ಕೆಲಸ ಸಾಕು. ಜನವರಿಯಲ್ಲಿ ಬಂಡೆ ಮೇಲೆ ಅಳತೆ ಗೆರೆ, ಫೆಬ್ರವರಿಯೊಳಗೆ ಹೊಳೆಯೊಳಗಿನ ದಾರಿ ಒಡೆಸುವುದು, ಆಮೇಲೆ ಮಳೆ ಬರುವ ತನಕ ನೋಟ್‌ಬುಕ್ಕು. ಜೂನ್‌ನಲ್ಲಿ ಆ ಪುಸ್ತಕದ ಪುಟಗಳ ಫೋಟೋ ತೆಗೆದು ನನಗೆ ಕಳಿಸಿ. ನೀರಾವರಿ ನಿಗಮಕ್ಕೆ ಬರೆಯುವ ಪತ್ರವನ್ನು ಅದನ್ನು ಮುಂದಿಟ್ಟುಕೊಂಡೇ ಒಟ್ಟಿಗೆ ಬರೆಯೋಣ.